ಎಲೆ ಹಸಿರಿದ್ದಾಗ್ಲೇ ಬಾಡೋ ಬದನೆ ಗಿಡ: ಇದು ವಿಷಾನಾ, ಲೋಳೇನಾ?

ಪ್ರಶ್ನೆ: ನಮಸ್ಕಾರ್ರಿ ಸರ್. ನಾವು ಹಾವೇರಿ ಕಡೆಯವರು, ಗೋವಾಕ್ಕ ಬಂದು ಭಾಳ ವರ್ಷ ಆತು. ಈಗ ಆಗಶಿ ಹತ್ರ ಭತ್ತ ಕೊಯ್ದ ಗದ್ದಿ ಲಾವಣಿ ಹಿಡದು ಬದನಿ, ಮೆಣಸಿನಕಾಯಿ, ಟೊಮ್ಯಾಟೊ ಹಾಕೀವಿ. ಬದನಿ ಬೀಜ ಇಲ್ಲಿದ, ಟೊಮ್ಯಾಟೊ ಸಸಿ ಊರಿಂದ ತಂದ್ವಿ. ಕಾಯಿ ಹಿಡಿಯೋ ಹೊತ್ತಿಗೆ ಗಿಡ ಮಧ್ಯಾಹ್ನ ಬಾಡ್ತಾವ, ಸಂಜೀಕ ಎದ್ದು ನಿಲ್ತಾವ, ಎರಡ್ಮೂರು ದಿನ ಹಿಂಗ ಮಾಡಿ ಆಮ್ಯಾಲ ಏಳೂದೇ ಇಲ್ಲ. ಎಲಿ ಮಾತ್ರ ಹಸಿರೇ ಇರ್ತಾವ. ನೀರು ಹೆಚ್ಚು ಬಿಟ್ರೂ ಅಷ್ಟ. ಅಂಗಡಿಯವ್ರು ಕಾಪರ್ ಪುಡಿ, ಸ್ಟ್ರೆಪ್ಟೊಸೈಕ್ಲಿನ್ ಕೊಟ್ರು, ಹೊಡದ್ವಿ, ಏನೂ ಆಗಲಿಲ್ಲ. ಮಗಳು ಬಿಎಸ್ಸಿ ಓದ್ತಾಳ, ಬ್ಯಾಕ್ಟೀರಿಯಾ ಟಾಕ್ಸಿನ್ ಬಿಡ್ತಾವ, ಅದಕ್ಕ ಬಾಡ್ತದ ಅಂತಾಳ. ಹಂಗಾದ್ರ ಆ ವಿಷಕ್ಕ ಏನಾರ ಮದ್ದು ಐತೇನ್ರಿ? ಆ ಗಿಡದ ಕಾಯಿ ತಿಂದ್ರ ನಡೀತದೇನು? ಮುಂದಿನ ಸಲ ಅದೇ ಗದ್ದಿಗೆ ಏನು ಹಾಕೂದು?

ಉತ್ತರ:

ಅಕ್ಕಾ, ಮೊದ್ಲು ಕಾಯಿ ವಿಷಯ ಮುಗಿಸ್ತೇನೆ, ಮನೆಯವರೆಲ್ಲ ತಿನ್ನೋದು ಅದು. ಈ ರೋಗದ ಬ್ಯಾಕ್ಟೀರಿಯಾ ಗಿಡಕ್ಕೆ ಮಾತ್ರ ರೋಗ, ಊಟದಲ್ಲಿ ಬಂದ್ರೆ ಮನುಷ್ಯರಿಗೆ ಏನೂ ಆಗೋದಿಲ್ಲ. ಬಾಡಿದ ಗಿಡದಲ್ಲಿ ಆಗ್ಲೇ ಬಲಿತ ಬದನೆ ಇದ್ರೆ ಕಿತ್ತು ಪಲ್ಯ ಮಾಡಿ, ಹೆದರಿಕೆ ಬೇಡ. ಹೆದರಬೇಕಾದ್ದು ನೀವು ಹೊಡೆದ ಔಷಧಿಗೆ. ಸ್ಟ್ರೆಪ್ಟೊಸೈಕ್ಲಿನ್ ಅಂದ್ರೆ ಸ್ಟ್ರೆಪ್ಟೊಮೈಸಿನ್ ಜೊತೆ ಸ್ವಲ್ಪ ಟೆಟ್ರಾಸೈಕ್ಲಿನ್ ಸೇರಿಸಿದ್ದು, ಸ್ಟ್ರೆಪ್ಟೊಮೈಸಿನ್ ಅಂದ್ರೆ ಟಿಬಿ ಪೇಶಂಟ್‌ಗಳಿಗೆ ಇಂಜೆಕ್ಷನ್ ಕೊಡ್ತಿದ್ದ ಅದೇ ಔಷಧಿ, ಇಂಥವನ್ನ ಬೆಳೆಗೆ ಬಳಸೋದು ನಿಲ್ಲಿಸ್ಬೇಕು ಅಂತ ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲೇ ಕರಡು ಆದೇಶ ಹೊರಡಿಸಿತ್ತು. ಅದನ್ನ ಹೊಡೆದ ಗಿಡದ ಕಾಯಿ ಬಿಟ್ಟುಬಿಡಿ, ನಾಲ್ಕು ಬದನೆ ಹೋದ್ರೆ ಹೋಗ್ಲಿ.

ಇನ್ನು ನಿಮ್ಮ ಗಿಡಕ್ಕೆ ಬಂದದ್ದು ಯಾವ್ದು ಅಂತ ಗಟ್ಟಿ ಮಾಡ್ಕೊಳ್ಳೋಣ, ಯಾಕಂದ್ರೆ ಇಲ್ಲಿನ ಅಂಗಡಿಗಳಲ್ಲಿ ಗಿಡ ಬಾಡ್ತು ಅಂದ್ರೆ ಎಲ್ಲಾದಕ್ಕೂ ಒಂದೇ ಮರ್ ರೋಗ ಅಂತಾರೆ, ಫಂಗಸ್ಸಿಂದಾದ್ರೂ ಅದೇ, ಬ್ಯಾಕ್ಟೀರಿಯಾದಿಂದಾದ್ರೂ ಅದೇ, ಕೊಡೋ ಡಬ್ಬಿನೂ ಹೆಚ್ಚುಕಮ್ಮಿ ಅದೇ. ಮಧ್ಯಾಹ್ನ ಬಾಡಿ ಸಂಜೆ ಏಳೋದು, ಎಲೆ ಹಳದಿ ಆಗದೆ ಹಸಿರಿದ್ದಾಗ್ಲೇ ಜೋತು ಬೀಳೋದು, ಎರಡ್ಮೂರು ದಿನಕ್ಕೆ ಕಥೆ ಮುಗಿಯೋದು, ಇಷ್ಟೂ ನೀವು ಹೇಳಿದ್ದೀರಿ ಅಂದ್ಮೇಲೆ ನನ್ನ ಅನುಮಾನ ದುಂಡಾಣು ಸೊರಗು ರೋಗದ ಮೇಲೆ, ಅಂದ್ರೆ ಬ್ಯಾಕ್ಟೀರಿಯಲ್ ವಿಲ್ಟ್. ಫ್ಯುಸೇರಿಯಂ ಫಂಗಸ್ ಆಗಿದ್ರೆ ಕೆಳಗಿನ ಎಲೆ ಮೊದ್ಲು ಹಳದಿ ಆಗ್ತಿತ್ತು, ಎಷ್ಟೋ ಸಲ ಗಿಡದ ಒಂದೇ ಮಗ್ಗುಲು, ನಿಧಾನಕ್ಕೆ. ಬುಡದಲ್ಲಿ ಬಿಳಿ ಬೂಷ್ಟು, ಅದ್ರಲ್ಲಿ ಸಾಸಿವೆ ಕಾಳಿನಷ್ಟು ಕಂದು ಗುಂಡುಗಳು ಕಂಡ್ರೆ ಅದು ಸ್ಕ್ಲೆರೋಷಿಯಂ, ಗೋವಾದ ಮೆಣಸಿನಕಾಯಿಗೆ ಅದೂ ಜಾಸ್ತಿ, ಅದಕ್ಕೆ ದಾರಿ ಬೇರೆ.

ಖಾತ್ರಿ ಮಾಡ್ಕೊಳ್ಳೋಕೆ ಲ್ಯಾಬ್ ಬೇಡ, ಗಾಜಿನ ಲೋಟ ಸಾಕು. ಹೊಸದಾಗಿ ಬಾಡಿದ ಗಿಡ, ಪೂರ್ತಿ ಒಣಗಿದ್ದಲ್ಲ ಮತ್ತೆ, ಅದರ ಕಾಂಡಾನ ನೆಲದಿಂದ ಸ್ವಲ್ಪ ಮೇಲೆ ಹರಿತವಾದ ಚಾಕುವಿನಲ್ಲಿ ಕೊಯ್ದು ಮೂರ್ನಾಲ್ಕು ಇಂಚಿನ ತುಂಡು ತಗೊಳ್ಳಿ, ಲೋಟದಲ್ಲಿ ತಿಳಿ ನೀರು ತುಂಬಿ ಆ ತುಂಡಿನ ಕೆಳಗಿನ ತುದಿ ನೀರಿಗೆ ಬರೀ ತಾಗೋ ಹಾಗೆ ಹಿಡ್ಕೊಳ್ಳಿ, ಅಲ್ಲಾಡಿಸ್ಬೇಡಿ, ಹಿಂದೆ ಕಪ್ಪು ಬಟ್ಟೆ ಏನಾದ್ರೂ ಇಟ್ರೆ ಇನ್ನೂ ಚೆನ್ನಾಗಿ ಕಾಣ್ತದೆ. ಕೆಲವೇ ನಿಮಿಷದಲ್ಲಿ ಕೊಯ್ದ ಜಾಗದಿಂದ ಹಾಲು ಬಣ್ಣದ ಎಳೆ ಸಣ್ಣಗೆ ಕೆಳಗೆ ಇಳೀತದೆ. ಇಳಿದ್ರೆ ಬ್ಯಾಕ್ಟೀರಿಯಾನೇ, ಇನ್ನೊಂದು ಮಾತಿಲ್ಲ. ಫಂಗಸ್ ಆದ್ರೆ ನೀರು ತಿಳಿಯಾಗೇ ಇರ್ತದೆ. ಚಾಕುವನ್ನ ಬ್ಲೀಚಿಂಗ್ ನೀರಲ್ಲಿ ತೊಳೀರಿ, ಲೋಟದ ನೀರು ಗದ್ದೆ ಕಡೆ ಚೆಲ್ಲಬೇಡಿ, ಅದ್ರಲ್ಲಿರೋದು ಲೆಕ್ಕ ಇಲ್ಲದಷ್ಟು ಬ್ಯಾಕ್ಟೀರಿಯಾ. ಪೂರ್ತಿ ಬಾಡಿದ ಗಿಡದ ಒಂದು ಗ್ರಾಂ ಕಾಂಡದಲ್ಲಿ ನೂರು ಕೋಟಿ ಇದ್ರೂ ಆಶ್ಚರ್ಯ ಇಲ್ಲ.

ಈಗ ನಿಮ್ಮ ಮಗಳ ಮಾತಿಗೆ ಬರ್ತೇನೆ, ಅವಳು ಕೇಳಿದ್ದಕ್ಕೆ ಪೂರ್ತಿ ಹೌದು ಅಂತಾನೂ ಹೇಳೋಕಾಗಲ್ಲ, ಇಲ್ಲ ಅಂತಾನೂ ಹೇಳೋಕಾಗಲ್ಲ. ಈ ಬ್ಯಾಕ್ಟೀರಿಯಾದ ಹೆಸರು ರಾಲ್‌ಸ್ಟೋನಿಯಾ ಸೊಲನೇಸಿಯಾರಂ. ಅಮೆರಿಕದ ಅರ್ವಿನ್ ಸ್ಮಿತ್ 1896ರಲ್ಲಿ ಇದನ್ನ ವಿವರಿಸಿದ್ರು, ಆವಾಗ ಬ್ಯಾಸಿಲಸ್ ಅಂತ ಕರೆದ್ರು, ಆಮೇಲೆ ಬಹಳ ಕಾಲ ಸ್ಯೂಡೋಮೊನಾಸ್ ಅಂತ ಇತ್ತು (ನಾವು ಓದಿದ್ದು ಹಾಗೇ), 1990ರ ದಶಕದಲ್ಲಿ ಬರ್ಕ್‌ಹೋಲ್ಡೇರಿಯಾ ಆಗಿ ರಾಲ್‌ಸ್ಟೋನಿಯಾ ಆಯ್ತು, ಈಗ ಏಷ್ಯಾದ ಹೆಚ್ಚಿನ ತಳಿಗಳನ್ನ ಬೇರೆ ಜಾತಿ ಮಾಡಿ ಸ್ಯೂಡೊಸೊಲನೇಸಿಯಾರಂ ಅಂತಾರೆ. ಮಗಳ ಪುಸ್ತಕದಲ್ಲಿ ಇವುಗಳಲ್ಲಿ ಯಾವ ಹೆಸರಿದ್ರೂ ಗಾಬರಿ ಆಗ್ಬೇಡಿ.

ಬಾಡೋದಕ್ಕೆ ವಿಷಾನೇ ಕಾರಣ ಅನ್ನೋ ವಾದ ಹಳೇದು, ಅದಕ್ಕೆ ಬುಡ ಇಲ್ಲ ಅಂತಲ್ಲ. ಬ್ಯಾಕ್ಟೀರಿಯಾನ ದ್ರವದಲ್ಲಿ ಬೆಳೆಸಿ, ಸೋಸಿ ಒಂದೂ ಜೀವ ಇಲ್ಲದ ಹಾಗೆ ಮಾಡಿ, ಆ ತಿಳಿಯಲ್ಲಿ ಆರೋಗ್ಯವಾದ ಟೊಮ್ಯಾಟೊ ಕುಡಿ ಕೊಯ್ದು ಇಟ್ರೆ ಅದು ಬಾಡ್ತದೆ. ಜೀವ ಇಲ್ಲದ ದ್ರವವೇ ಬಾಡಿಸ್ತು ಅಂದ್ಮೇಲೆ ಅದ್ರಲ್ಲಿ ವಿಷ ಇರ್ಲೇಬೇಕು ಅಂತ ಯಾರಿಗಾದ್ರೂ ಅನ್ನಿಸ್ತದೆ. ಫಂಗಸ್ ಕಡೆಯಿಂದ ಲೈಕೋಮರಾಸ್ಮಿನ್, ಫ್ಯುಸಾರಿಕ್ ಆಸಿಡ್ ಅಂತ ನಿಜವಾದ ಬಾಡಿಸೋ ವಿಷಗಳು ಸಿಕ್ಕಿದ್ದೂ ಆ ವಾದಕ್ಕೆ ಬಲ ಕೊಡ್ತು. ಆದ್ರೆ ಬ್ಯಾಕ್ಟೀರಿಯಾ ದ್ರವದಲ್ಲಿ ಹುಡುಕಿದಾಗ ಸಿಕ್ಕಿದ್ದು ಸಣ್ಣ ವಿಷದ ಕಣ ಅಲ್ಲ, ದೊಡ್ಡ ದೊಡ್ಡ ಸಕ್ಕರೆ ಸರಪಳಿಗಳು, ಪಾಲಿಸ್ಯಾಕರೈಡ್. ಬೆಂಡೆಕಾಯಿ ಹೆಚ್ಚಿದಾಗ ಕೈಗೆ ಅಂಟ್ತದಲ್ಲ, ಅಂಥ ಲೋಳೆ. 1958ರಲ್ಲಿ ಹುಸೇನ್ ಮತ್ತು ಆರ್ಥರ್ ಕೆಲ್ಮನ್ ಅನ್ನೋರು ಈ ಲೋಳೆಗೂ ಬಾಡೋದಕ್ಕೂ ಇರೋ ಸಂಬಂಧ ತೋರಿಸಿದ್ರು. ಆಮೇಲೆ ಬೇರೆಯವರು ಬ್ಯಾಕ್ಟೀರಿಯಾನೇ ಬಿಟ್ಟು ಬರೀ ಡೆಕ್ಸ್ಟ್ರಾನ್ ಅನ್ನೋ ನಿರಪಾಯದ ಸಕ್ಕರೆ ಸರಪಳೀನ ಕುಡಿಗಳಿಗೆ ಕೊಟ್ಟು ನೋಡಿದ್ರು, ಕಣ ದೊಡ್ಡದಿದ್ರೆ ಸಾಕು, ಗಿಡದೊಳಗೆ ನೀರು ಹರಿಯೋದೇ ತಪ್ತದೆ. ವಿಷ ಅನ್ನೋಕೆ ಅದ್ರಲ್ಲೇನೂ ಇಲ್ಲ.

ಕಾರಣ ಇಷ್ಟೇ. ಬೇರಿಂದ ಎಲೆಗೆ ನೀರು ಏರೋದು ಕ್ಸೈಲಂ ಅನ್ನೋ ನಾಳಗಳಲ್ಲಿ, ಒಂದು ನಾಳದಿಂದ ಪಕ್ಕದ ನಾಳಕ್ಕೆ ನೀರು ದಾಟೋದು ಗೋಡೆಯಲ್ಲಿರೋ ತೆಳು ಪೊರೆ ಮೂಲಕ, ಆ ಪೊರೆಯ ರಂಧ್ರಗಳು ಬ್ಯಾಕ್ಟೀರಿಯಾಕ್ಕಿಂತ ಎಷ್ಟೋ ಪಾಲು ಸಣ್ಣವು. ಲೋಳೆಯ ಉದ್ದ ಸರಪಳಿಗಳು ಅಲ್ಲಿ ಹೋಗಿ ಕೂತ್ಕೊಳ್ತವೆ, ಮೇಲಿಂದ ನೀರೇ ಮಂದ ಆಗಿರ್ತದೆ, ಜೊತೆಗೆ ಬ್ಯಾಕ್ಟೀರಿಯಾ ಪೆಕ್ಟಿನ್, ಸೆಲ್ಯುಲೋಸ್ ಕರಗಿಸೋ ಎನ್‌ಜೈಮ್ ಬಿಟ್ಟು ನಾಳದ ಗೋಡೆಯಿಂದ ಚೂರುಪಾರು ಎಬ್ಬಿಸ್ತದೆ, ಗಿಡ ಬೇರೆ ಗಾಬರಿ ಬಿದ್ದು ತನ್ನ ನಾಳಾನ ತಾನೇ ಟೈಲೋಸ್ ಅನ್ನೋ ಗುಳ್ಳೆಗಳಿಂದ ಮುಚ್ಕೊಳ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಎಲೆ ಕೇಳೋ ನೀರು ಜಾಸ್ತಿ, ಬರೋದು ಕಮ್ಮಿ, ಹಾಗಾಗಿ ಜೋತು ಬೀಳ್ತದೆ, ಸಂಜೆ ಬೇಡಿಕೆ ಇಳಿದ ಮೇಲೆ ಬರೋ ಅಷ್ಟೇ ನೀರು ಸಾಕಾಗಿ ಎದ್ದು ನಿಲ್ತದೆ, ನಿಮಗೆ ಗಿಡ ಸುಧಾರಿಸ್ತು ಅನ್ನಿಸ್ತದೆ. ಇನ್ನಷ್ಟು ನಾಳ ಮುಚ್ಚಿದ ಮೇಲೆ ರಾತ್ರಿ ಬರೋ ನೀರೂ ಸಾಲೋದಿಲ್ಲ. ಎಲೆ ಹಸಿರಾಗೇ ಇರೋದೂ ಇದಕ್ಕೇ ಅಕ್ಕಾ, ಎಲೆಗೆ ವಿಷ ಮುಟ್ಟಿಲ್ಲ, ಹಳದಿಗೆ ತಿರುಗೋಷ್ಟು ಟೈಮೂ ಸಿಗ್ಲಿಲ್ಲ. ಮಣ್ಣಲ್ಲಿ ನೀರಿಲ್ಲ ಅಂತ ನೀವು ಇನ್ನಷ್ಟು ಬಿಡ್ತೀರಿ, ಅದು ಮೇಲೆ ಹೋಗೋದಿಲ್ಲ, ಬ್ಯಾಕ್ಟೀರಿಯಾನ ಮಾತ್ರ ಪಕ್ಕದ ಗಿಡಕ್ಕೆ ಕೊಂಡೊಯ್ತದೆ.

ಲೋಳೆ ಮಾಡೋ ಜೀನ್ ಕೆಡಿಸಿದ ಬ್ಯಾಕ್ಟೀರಿಯಾನ ಗಿಡಕ್ಕೆ ಸೇರಿಸಿದ್ರೆ ಗಿಡ ಬಾಡೋದು ಅಪರೂಪ, ನನಗೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಅನ್ನಿಸೋದು ಇದು. ಲ್ಯಾಬಲ್ಲಿ ಇದನ್ನ ಕಣ್ಣಲ್ಲೇ ನೋಡ್ಬಹುದು: ಕೆಲ್ಮನ್ 1954ರಲ್ಲಿ ಮಾಡಿದ ಟೆಟ್ರಝೋಲಿಯಂ ಮೀಡಿಯಂ (ಬ್ಯಾಕ್ಟೀರಿಯಾ ಬೆಳೆಸೋ ಆಹಾರ) ಹಾಕಿದ ಪ್ಲೇಟ್ ಮೇಲೆ ರೋಗ ತರೋ ತಳಿ ಬಿಳಿಯಾಗಿ, ಜಾರೋ ಹಾಗೆ, ನಡುವೆ ಗುಲಾಬಿ ಛಾಯೆ ಇಟ್ಕೊಂಡು ಬೆಳೀತದೆ, ಆದ್ರೆ ಪ್ಲೇಟಿಂದ ಪ್ಲೇಟಿಗೆ ದಾಟಿಸ್ತಾ ಹೋದ್ರೆ ಕೆಲವು ತಮ್ಮಷ್ಟಕ್ಕೆ ಲೋಳೆ ಬಿಟ್ಟು ಸಣ್ಣ, ಒಣ, ಕಡುಕೆಂಪು ಚುಕ್ಕೆ ಆಗಿಬಿಡ್ತವೆ, ಮತ್ತೆ ಅವು ಗಿಡಾನ ಬಾಡಿಸೋದಿಲ್ಲ. ಸ್ಟೂಡೆಂಟ್ಸು ಫ್ರಿಜ್ಜಲ್ಲಿಟ್ಟ ಹಳೇ ಪ್ಲೇಟಿಂದ ತಳಿ ತೆಗೆದು ಗಿಡಕ್ಕೆ ಹಾಕಿ ರೋಗವೇ ಬರ್ಲಿಲ್ಲ ಸರ್ ಅಂತ ಬರೋದು ಇದಕ್ಕೇ.

ಇನ್ನೊಂದು ಸಂಗತಿ ನಿಮ್ಮ ಮಗಳಿಗೆ ಇಷ್ಟ ಆಗ್ಬಹುದು. ಬೇರಿಗೆ ಹೊಕ್ಕಾಗ ಬ್ಯಾಕ್ಟೀರಿಯಾ ಇರೋದು ಕೆಲವೇ ಕೆಲವು, ಆವಾಗ ಅವು ಲೋಳೆ ಮಾಡೋದಿಲ್ಲ, ಈಜ್ತವೆ, ಹರಡ್ತವೆ, ಹೊಟ್ಟೆ ನೋಡ್ಕೊಳ್ತವೆ. ಪ್ರತಿಯೊಂದೂ ಒಂದು ಸಣ್ಣ ಕೊಬ್ಬಿನ ಜಾತಿಯ ಕಣಾನ ಹೊರಗೆ ಬಿಡ್ತಾ ಇರ್ತದೆ. ಸಂಖ್ಯೆ ಮಿಲಿಲೀಟರಿಗೆ 1 ಕೋಟಿ ಆಸುಪಾಸು ಆದಾಗ ಆ ಕಣ ಸಾಕಷ್ಟು ಸೇರಿ, ಒಳಗಿನ ಒಂದು ಸ್ವಿಚ್ ಬಿದ್ದು ಎಲ್ಲವೂ ಒಟ್ಟಿಗೆ ಲೋಳೆ ಮಾಡೋಕೆ ಶುರು ಮಾಡ್ತವೆ. ಇದನ್ನ ಕೋರಂ ಸೆನ್ಸಿಂಗ್ ಅಂತಾರೆ. ಹಾಗಾಗಿ ನೀವು ಬಾಡಿದ್ದನ್ನ ನೋಡೋ ದಿನಕ್ಕೆ ರೋಗ ಶುರುವಾಗಿ ಎಷ್ಟೋ ದಿನ ಕಳೆದಿರ್ತದೆ, ಗಿಡ ಚೆಂದ ಇದೆ ಅಂತ ನೀವು ಗೊಬ್ಬರ ಹಾಕ್ತಿದ್ದಾಗ ಅವು ಒಳಗೆ ಲೆಕ್ಕ ಹಾಕ್ತಾ ಇದ್ವು.

ನಿಜವಾದ ಟಾಕ್ಸಿನ್ ಬಿಡೋ ಬ್ಯಾಕ್ಟೀರಿಯಾಗಳು ಬೇರೆ ಇವೆ, ಮಗಳು ಓದಿದ್ದು ಬಹುಶಃ ಅವು. ಸ್ಯೂಡೋಮೊನಾಸ್ ಸಿರಿಂಜೆ ಅನ್ನೋದರ ಗುಂಪು. ತಂಬಾಕಿಗೆ ಬರೋ ವೈಲ್ಡ್‌ಫೈರ್ ರೋಗದಲ್ಲಿ ಟ್ಯಾಬ್‌ಟಾಕ್ಸಿನ್, ಬೀನ್ಸಿನ ಹೇಲೋ ಬ್ಲೈಟಲ್ಲಿ ಫೇಸಿಯೋಲೋಟಾಕ್ಸಿನ್, ಇವು ಗಿಡದ ಒಂದೊಂದು ಎನ್‌ಜೈಮನ್ನ ಗುರಿ ಇಟ್ಟು ಕೆಡಿಸ್ತವೆ, ಎಲೆ ಮೇಲೆ ಚುಕ್ಕೆ, ಸುತ್ತ ಹಳದಿ ಉಂಗುರ. ಕೊರೊನಟೈನ್ ಅನ್ನೋದು ಇನ್ನೂ ಖದೀಮ, ಅದು ಗಿಡದ ಸ್ವಂತ ಜಾಸ್ಮೋನೇಟ್ ಹಾರ್ಮೋನಿನ ವೇಷ ಹಾಕ್ಕೊಂಡು, ಗಿಡ ಮುಚ್ಚಿಕೊಂಡ ಎಲೆರಂಧ್ರಗಳನ್ನ ಮತ್ತೆ ತೆಗೆಸಿ ಬ್ಯಾಕ್ಟೀರಿಯಾಕ್ಕೆ ಒಳಗೆ ದಾರಿ ಮಾಡಿಕೊಡ್ತದೆ. ಇವ್ಯಾವುವೂ ಇಡೀ ಗಿಡಾನ ಎರಡು ದಿನದಲ್ಲಿ ಕೆಡವೋವಲ್ಲ. ನಿಮ್ಮ ರಾಲ್‌ಸ್ಟೋನಿಯಾ ಕೂಡ ಗಿಡದ ಜೀವಕೋಶದೊಳಗೆ 70ರ ಆಸುಪಾಸು ಬಗೆಬಗೆಯ ಪ್ರೋಟೀನು ಚುಚ್ಚಿ ಅದರ ರಕ್ಷಣೆ ಕುಗ್ಗಿಸ್ತದೆ, ಬರೀ ಲೋಳೆ ನೆಚ್ಕೊಂಡು ಕೂತಿಲ್ಲ. ಆದ್ರೆ ಕೊನೆಗೆ ಗಿಡ ಬೀಳೋದು ನಾಳದಲ್ಲಿ ನೀರು ಹರಿಯೋದು ನಿಂತು.

ಹಾಗಾಗಿ ಮದ್ದಿನ ಪ್ರಶ್ನೆಗೆ ಉತ್ತರ: ಇಲ್ಲ. ಮುರಿಯೋಕೆ ಅಲ್ಲಿ ವಿಷವೇ ಇಲ್ಲ, ನಾಳದೊಳಗೆ ಕೂತ ಲೋಳೆ ತೆಗೆಯೋ ಔಷಧಿ ಯಾರ ಹತ್ರನೂ ಇಲ್ಲ. ಎಲೆ ಮೇಲೆ ಹೊಡೆದ ಕಾಪರ್ ಎಲೆ ಮೇಲೇ ಉಳೀತದೆ. ಆಂಟಿಬಯೋಟಿಕ್ ಬುಡಕ್ಕೆ ಸುರಿದ್ರೂ ಮಣ್ಣಿಗೆ ಅಂಟ್ಕೊಂಡು ಅಲ್ಲೇ ಮುಗೀತದೆ, ಅಕಸ್ಮಾತ್ ಒಂದಿಷ್ಟು ಒಳಗೆ ಹೋಯ್ತು ಅಂದ್ಕೊಂಡ್ರೂ ನೀರೇ ಹರಿಯದ ನಾಳದಲ್ಲಿ ಅದು ಹೇಗೆ ಮೇಲೇರೋದು? ಬಾಡಿದ ಗಿಡಕ್ಕೆ ದುಡ್ಡು ಹಾಕ್ಬೇಡಿ ಅಂತ ನಾನು ಖಡಾಖಂಡಿತವಾಗಿ ಹೇಳ್ತೇನೆ, ಅಂಗಡಿಯವರಿಗೆ ಬೇಜಾರಾದ್ರೂ ಸರಿ.

ದುಡ್ಡು, ಶ್ರಮ ಎರಡೂ ಹೋಗ್ಬೇಕಾದ್ದು ಗಿಡ ನೆಡೋಕಿಂತ ಮೊದ್ಲು. ಆದ್ರೂ ಈಗ ಗದ್ದೇಲಿ ಮಾಡೋದು ಎರಡು ಕೆಲಸ ಇದೆ. ಬಾಡಿದ ಗಿಡಾನ ಬುಡದ ಮಣ್ಣು ಸಮೇತ ಕಿತ್ತು ಗೋಣಿಚೀಲಕ್ಕೆ ಹಾಕಿ ಗದ್ದೆ ಆಚೆ ಒಣಗಿಸಿ ಸುಡಿ, ಗೊಬ್ಬರ ಗುಂಡಿಗೂ ಬೇಡ, ನೀರಿನ ಕಾಲುವೆಗೆ ಮೊದ್ಲೇ ಬೇಡ, ಕಿತ್ತ ಗುಂಡಿಗೆ ಒಂದು ಹಿಡಿ ಬ್ಲೀಚಿಂಗ್ ಪೌಡರ್ ಹಾಕಿ. ಆಮೇಲೆ ಉಳಿದ ಗಿಡಗಳ ಬುಡ ಕೆದಕೋದು ನಿಲ್ಲಿಸಿ, ಕಳೆ ಇದ್ರೆ ಕೈಯಲ್ಲಿ ಕೀಳಿ ಅಥವಾ ಕುಡುಗೋಲಲ್ಲಿ ಸವರಿ. ಈ ಬ್ಯಾಕ್ಟೀರಿಯಾ ಒಳಗೆ ಹೋಗೋದು ಬೇರಿನ ಗಾಯದಿಂದ, ಸಲಿಕೆ ತಾಗಿದ ಪ್ರತಿ ಬೇರೂ ಒಂದೊಂದು ಬಾಗಿಲು. ಕಿತ್ತ ಗಿಡದ ಬೇರು ತೊಳೆದು ನೋಡಿ, ಗಂಟು ಗಂಟು ಇದ್ರೆ ನೆಮಟೋಡ್ ಅನ್ನೋ ಕಣ್ಣಿಗೆ ಕಾಣದ ಸಣ್ಣ ಹುಳುಗಳೂ ಇವೆ, ಅವು ಬೇರು ಚುಚ್ಚಿ ಇದಕ್ಕೆ ದಾರಿ ಮಾಡಿಕೊಡ್ತವೆ, ಎರಡೂ ಸೇರಿದ ಗದ್ದೇಲಿ ಒಳ್ಳೇ ತಳಿನೂ ಸೋಲ್ತದೆ.

ಗೋವಾದಲ್ಲಿ ಇದು ಇಷ್ಟು ಕಾಡೋದಕ್ಕೆ ಕಾರಣ ಇದೆ. ಈ ಬ್ಯಾಕ್ಟೀರಿಯಾಕ್ಕೆ 30ರಿಂದ 35 ಡಿಗ್ರಿ ಬಿಸಿ ಅಂದ್ರೆ ಬಲು ಖುಷಿ, ನಮ್ಮಲ್ಲಿ ಚಳಿಗಾಲದ ಮಧ್ಯಾಹ್ನನೂ ಅಷ್ಟೇ ಇರ್ತದೆ, ಮಣ್ಣು ಜಂಬಿಟ್ಟಿಗೆಯದು, ಹುಳಿ ಜಾಸ್ತಿ, ತೇವ ಬಿಡೋದಿಲ್ಲ. ಹುಳಿ ತಗ್ಗಿಸೋಕೆ ಸುಣ್ಣ ಹಾಕ್ಬಹುದು, ಆದ್ರೆ ಅಂದಾಜಲ್ಲಿ ಹಾಕ್ಬೇಡಿ, ಓಲ್ಡ್ ಗೋವಾದ ಎಲಾದಲ್ಲಿ ಭಾರತೀಯ ಕೃಷಿ ಸಂಶೋಧನಾ ಮಂಡಳಿ ಅಂದ್ರೆ ಐಸಿಎಆರ್‌ನ ಕೇಂದ್ರೀಯ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆ ಇದೆ, ನಿಮಗೆ ದೂರ ಏನಲ್ಲ, ಮಣ್ಣು ಪರೀಕ್ಷೆ ಬಗ್ಗೆ ಅಲ್ಲೇ ಕೇಳಿ, ಪಿಎಚ್, ಅಂದ್ರೆ ಹುಳಿ ಎಷ್ಟಿದೆ ಅಂತ, ನೋಡಿ ಅಳತೆ ಹೇಳ್ತಾರೆ. ಬ್ಲೀಚಿಂಗ್ ಪೌಡರ್‌ನ ಆಲೂಗಡ್ಡೆ ಸಾಲುಗಳಿಗೆ ಹೆಕ್ಟೇರಿಗೆ 12 ಕೆಜಿ ಲೆಕ್ಕದಲ್ಲಿ ಹಾಕೋ ಶಿಫಾರಸು ಇದೆ, ನಮ್ಮ ಗೋವಾ ಲೆಕ್ಕದಲ್ಲಿ 1000 ಚದರ ಮೀಟರಿಗೆ 1.2 ಕೆಜಿ, ಅದನ್ನ ಯೂರಿಯಾ ಜೊತೆ ಬಕೆಟ್ಟಲ್ಲಿ ಕಲಸೋಕೆ ಮಾತ್ರ ಹೋಗ್ಬೇಡಿ, ಕೆಟ್ಟ ಗ್ಯಾಸ್ ಬರ್ತದೆ. ಏಪ್ರಿಲ್ ಮೇ ಬಿಸಿಲಲ್ಲಿ ಒದ್ದೆ ಮಣ್ಣಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ನಾಲ್ಕಾರು ವಾರ ಹೊದಿಸಿಡೋದೂ ಒಳ್ಳೇದೇ, ಆದ್ರೆ ಲಾವಣಿ ಗದ್ದೆ ಪೂರ್ತಿಗೆ ಯಾರು ಹೊದಿಸ್ತಾರೆ, ಸಸಿ ಮಡಿಗೆ ಮಾಡಿ, ಅಷ್ಟು ಸಾಕು.

ಊರಿಂದ ತಂದ ಟೊಮ್ಯಾಟೊ ಸಸಿ ಬಗ್ಗೆ ನನಗೆ ಸ್ವಲ್ಪ ಅನುಮಾನ ಇದೆ. ನೋಡೋಕೆ ಹಸಿರಾಗಿರೋ ಸಸಿ ಒಳಗೆ ರೋಗ ಇಟ್ಕೊಂಡಿರ್ಬಹುದು, ಬೇರಿನ ಮಣ್ಣಲ್ಲೂ ಬರ್ಬಹುದು. ಹಾಗಂತ ಊರಿನ ನರ್ಸರಿಯವರ ಜೊತೆ ಜಗಳಕ್ಕೆ ಹೋಗ್ಬೇಡಿ, ನಿಮ್ಮ ಗದ್ದೇಲಿ ಅಥವಾ ಮೇಲಿನ ಗದ್ದೆಯಿಂದ ಬರೋ ನೀರಲ್ಲಿ ಮೊದ್ಲೇ ಇದ್ದಿರೋ ಸಾಧ್ಯತೆನೂ ಅಷ್ಟೇ ಇದೆ, ಯಾಕಂದ್ರೆ ಬದನೆ ಬೀಜ ಇಲ್ಲಿಂದು, ಅದೂ ಬಾಡಿದೆ. ಮುಂದಿನ ಸಲದಿಂದ ಬೀಜ ತನ್ನಿ, ಸಸಿ ನೀವೇ ಮಾಡಿ, ಟ್ರೇಲಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹಾಕಿ ಬೆಳೆಸಿದ್ರೆ ಕೀಳುವಾಗ ಬೇರೂ ಹರಿಯೋದಿಲ್ಲ.

ಗದ್ದೆಗೆ ಏನು ಹಾಕೋದು ಅಂದ್ರಲ್ಲ, ಮಳೆಗಾಲದಲ್ಲಿ ಭತ್ತ ಬಿಡ್ಬೇಡಿ, ನೀರು ನಿಂತ ಗದ್ದೇಲಿ ಇದರ ಸಂಖ್ಯೆ ಇಳೀತದೆ, ಪೂರ್ತಿ ಸಾಯೋದಿಲ್ಲ ಅನ್ನೋದೂ ನೆನಪಿರ್ಲಿ, ಬದುವಿನ ಕಳೆ ಬೇರಲ್ಲಿ ಅಡಗಿ ಕೂತಿರ್ತದೆ. ಭತ್ತದ ನಂತರ ಎರಡ್ಮೂರು ವರ್ಷ ಬದನೆ, ಟೊಮ್ಯಾಟೊ, ಮೆಣಸಿನಕಾಯಿ, ಆಲೂಗಡ್ಡೆ ಈ ನಾಲ್ಕನ್ನೂ ಆ ತುಂಡಿಗೆ ತರ್ಬೇಡಿ, ಶುಂಠಿನೂ ಬೇಡ, ಶೇಂಗಾನೂ ಬೇಡ, ಇದು ಇನ್ನೂರಕ್ಕೂ ಹೆಚ್ಚು ಜಾತಿ ಗಿಡಗಳಿಗೆ ಹತ್ತೋ ರೋಗ. ಅಲಸಂದೆ ಹಾಕಿ, ಗೋವಾದವರು ಆಲ್ಸಾಂದೊ ಸಿಕ್ರೆ ಬಿಡೋದಿಲ್ಲ, ಮಾರ್ಕೆಟ್ ಚಿಂತೆ ಇಲ್ಲ. ಗೋವಿನಜೋಳ, ಈರುಳ್ಳಿ, ಕೆಂಪು ಹರಿವೆ, ಬೆಂಡೆ ಇವೆಲ್ಲ ನಡೀತವೆ.

ಆಗಶಿಲಿ ಕೂತು ಬದನೆ ಬಿಡಿ ಅಂದ್ರೆ ನಿಮಗೆ ಹೊಟ್ಟೆ ಉರೀಬಹುದು, ಆ ಊರಿನ ಬದನೆಗೆ ಇಡೀ ಗೋವಾದಲ್ಲಿ ಹೆಸರಿದೆ. ಬದನೆನೇ ಬೇಕು ಅಂದ್ರೆ ತಡ್ಕೊಳ್ಳೋ ತಳಿ ಹಾಕ್ಬೇಕು. ಎಲಾದ ಅದೇ ಸಂಸ್ಥೆಯವರು ಗೋವಾ ಬ್ರಿಂಜಲ್ ಅನ್ನೋ ಹೆಸರಲ್ಲಿ ಈ ರೋಗ ತಡೆಯೋ ತಳಿ ಮಾಡಿದ್ದಾರೆ, ಬೀಜ ಯಾವಾಗ ಕೊಡ್ತಾರೆ ಕೇಳಿ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯ ಅರ್ಕಾ ನಿಧಿ, ಅರ್ಕಾ ಕೇಶವ್, ಅರ್ಕಾ ನೀಲಕಂಠ ಬದನೆಗಳೂ ಇವೆ, ಟೊಮ್ಯಾಟೊದಲ್ಲಿ ಅರ್ಕಾ ರಕ್ಷಕ್ ಇದೆ. ಮಾರ್ಕೆಟ್ಟಲ್ಲಿ ಗಿರಾಕಿ ಕೇಳೋದು ಆಗಶಿಯ ದೊಡ್ಡ ಬದನೆ, ಅರ್ಕಾ ನಿಧಿ ಉದ್ದ ಕಾಯಿ, ಅದನ್ನೂ ಯೋಚನೆ ಮಾಡಿ. ತಡ್ಕೊಳ್ಳೋದು ಅಂದ್ರೆ ರೋಗವೇ ಬರೋದಿಲ್ಲ ಅಂತಲ್ಲ, ಬ್ಯಾಕ್ಟೀರಿಯಾ ಬೇರಿಗೆ ಹೋಗ್ತದೆ, ಆದ್ರೆ ಅಲ್ಲೇ ಕಟ್ಟಿಹಾಕಿಡ್ತದೆ ಗಿಡ, ಮೇಲಿನ ನಾಳ ತೆರೆದಿರ್ತದೆ. ತೀರಾ ಕೆಟ್ಟ ಗದ್ದೇಲಿ, ನೆಮಟೋಡ್ ಇದ್ರೆ, ಒಂದಿಷ್ಟು ಗಿಡ ಹೋಗ್ತವೆ. ಅಂಗಡೀಲಿ ಸಿಗೋ ಟ್ರೈಕೋಡರ್ಮಾ ಪುಡಿ ಇದಕ್ಕೆ ಅಲ್ಲ, ಅದು ಫಂಗಸ್ ರೋಗಕ್ಕೆ. ಸ್ಯೂಡೋಮೊನಾಸ್ ಫ್ಲೋರೆಸೆನ್ಸ್ ಅನ್ನೋ ಒಳ್ಳೇ ಬ್ಯಾಕ್ಟೀರಿಯಾದ ಪುಡಿ ಕಲಸಿದ ನೀರಲ್ಲಿ ಸಸಿ ಬೇರು ಅದ್ದಿ ನೆಟ್ರೆ ಅಷ್ಟೋ ಇಷ್ಟೋ ಸಹಾಯ, ಬರೀ ಅದನ್ನೇ ನಂಬಿ ಕೂರ್ಬೇಡಿ.

ನನ್ನ ಕೇಳಿದ್ರೆ ಆಗಶಿ ಬದನೆ ಬಿಡಲಾರೆ ಅನ್ನೋರಿಗೆ ಕಸಿನೇ ಒಳ್ಳೇ ದಾರಿ. ಕಾಡು ಸುಂಡೆಕಾಯಿ ಗೊತ್ತಲ್ಲ, ಪೊದೆ ಹಾಗೆ ಬೆಳೆದು ಗೊಂಚಲು ಗೊಂಚಲು ಸಣ್ಣ ಹಸಿರು ಕಾಯಿ ಬಿಡ್ತದೆ, ಮುಳ್ಳಿರ್ತದೆ, ಸೊಲಾನಂ ಟೋರ್ವಂ. ಅದರ ಬೇರು ಈ ರೋಗಾನ ಚೆನ್ನಾಗಿ ತಡೀತದೆ, ಅದರ ಮೇಲೆ ಆಗಶಿ ಬದನೆ ಕುಡಿ ಕಟ್ಟಿದ್ರೆ ಕಾಯಿ ನಿಮ್ಮದೇ, ಬೇರು ಮಾತ್ರ ಕಾಡಿಂದು. ತೊಂದರೆ ಏನಂದ್ರೆ ಸುಂಡೆ ಬೀಜ ಮೊಳೆಯೋಕೆ ಸತಾಯಿಸ್ತದೆ, ಸಸಿನೂ ನಿಧಾನ, ಹಾಗಾಗಿ ಅದನ್ನ ಬದನೆಗಿಂತ ಕೆಲವು ವಾರ ಮೊದ್ಲೇ ಬಿತ್ತಿ, ಎರಡರ ಕಾಂಡನೂ ಹೆಚ್ಚುಕಮ್ಮಿ ಒಂದೇ ದಪ್ಪ ಆದಾಗ ಕಸಿ ಮಾಡಿ ಕ್ಲಿಪ್ ಹಾಕಿ, ಒಂದು ವಾರ ನೆರಳಲ್ಲಿ ತೇವದ ಪ್ಲಾಸ್ಟಿಕ್ ಗೂಡಲ್ಲಿಡಿ. ಮೊದ್ಲು ಹತ್ತಿಪ್ಪತ್ತು ಗಿಡಕ್ಕೆ ಮಾಡಿ ಕೈ ಕುದುರಿಸ್ಕೊಳ್ಳಿ. ನೆಡುವಾಗ ಕಸಿಯ ಗಂಟು ನೆಲದಿಂದ ಮೇಲೇ ಇರ್ಬೇಕು, ಆಮೇಲೆ ಬುಡಕ್ಕೆ ಮಣ್ಣು ಏರಿಸೋಕೂ ಹೋಗ್ಬೇಡಿ, ಗಂಟು ಮುಚ್ಚಿದ್ರೆ ಮೇಲಿನ ಬದನೆ ತನ್ನದೇ ಬೇರು ಬಿಟ್ಟು ನೇರ ಆ ಮಣ್ಣಿಗೇ ಇಳೀತದೆ, ಕಸಿ ಮಾಡಿದ್ದೂ ಒಂದೇ ಮಾಡದೇ ಇದ್ದದ್ದೂ ಒಂದೇ.